ಮಾತ್ರೆಯೋ ಮೊಲೆಹಾಲೋ

ನಮ್ಮ ಕವಿಗೋಷ್ಠಿಗಳಲ್ಲಿ ಅವ್ವನ ಮೊಲೆಹಾಲಿನ ಪದ್ಯ ಒಂದಾದರೂ ಇದ್ದೇ ಇರುತ್ತದೆ. ಆ ಹಾಲೂಡಿಸುವವಳಿಗೆ ರಾತ್ರಿ ನಿದ್ದೆ ಬಂತೇ ಎಂದು ಕೇಳುವ ಪದ್ಯ ನನಗೆ ಸಿಕ್ಕಿಲ್ಲ.

ನನ್ನ ಅಕ್ಕ ಎರಡನೆ ಹೆರಿಗೆಯಾಗಿ ತಿಂಗಳಾದರೂ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. "ನಿದ್ದೇನೆ ಬತ್ತಿಲ್ಲ ಕನ್ಲಾ. ಮಗೀನ ಮಕ ನೋಡುದ್ರೂ ಏನೂ ಅನ್ಸಲ್ಲ" ಅಂದಳು. ಗಾಳಿ ಸೋಕಿದೆ ಎಂದು ಅವ್ವ ತಾಯಿತ ಕಟ್ಟಿಸಿದಳು. ಹೆರಿಗೆಯಾದ ಮೊದಲೆರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಬಹಳ ಹೆಂಗಸರಿಗುಂಟು, ತಾನಾಗಿ ಹೋಗುತ್ತದೆ. ಅದು ದಾಟಿಯೂ ಬಿಡದಿದ್ದರೆ ಖಿನ್ನತೆ ಇರಬಹುದು. ಅದು ಕಾಯಿಲೆ. ಅದಕ್ಕೆ ಔಷಧಿ ಇದೆ.

ಆಸ್ಪತ್ರೆಯಲ್ಲಿ ಸರ್ಟ್ರಾಲಿನ್ ಬರೆದುಕೊಟ್ಟರು. ಔಷಧಿ ಅಂಗಡಿಯವನು ಕಂಕುಳ ಮಗು ನೋಡಿ, "ಹಾಲು ಬಿಡ್ಸಿ, ಇಲ್ಲಾಂದ್ರೆ ಮಾತ್ರೆ ಬಿಡಿ" ಎಂದ. ಎಷ್ಟು ಸಲೀಸು! 400 ಗ್ರಾಮಿನ ಪುಡಿಹಾಲಿನ ಡಬ್ಬ ಎರಡು ತಿಂಗಳ ಕೂಸಿಗೆ ನಾಲ್ಕೈದು ದಿನ ಬಂದರೆ ಹೆಚ್ಚು. ನಮ್ಮ ಕೇರಿಯ ನಲ್ಲಿಗೆ ದಿನವೂ ನೀರು ಬಾರದು. ಕೂಲಿಯವಳು ಪುಡಿ ಉಳಿಸಲು ನೀರು ಹೆಚ್ಚು ಬೆರೆಸುತ್ತಾಳೆ, ಕೂಸು ಭೇದಿ ಹತ್ತಿ ಸೊರಗುತ್ತದೆ. ಮಾತ್ರೆ ಬಿಟ್ಟರೋ, ಅಕ್ಕನೇ ಉಳಿಯುತ್ತಾಳೋ ಇಲ್ಲವೋ.

ಮತ್ತೆ ಹೋಗಿ ಮನೋವೈದ್ಯರನ್ನು ಕೇಳಿದೆ. ತಾಯಿ ನುಂಗಿದ್ದೆಲ್ಲ ಹಾಲಿಗೆ ಇಳಿಯುವುದಿಲ್ಲ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದಾಗ ತಾಯಿಯ ಪ್ರಮಾಣದ ನೂರಕ್ಕೆ 10 ಪಾಲಿಗಿಂತ ಕಡಿಮೆ ಮಗುವಿಗೆ ಸೇರುವಂತಿದ್ದರೆ ಸಾಮಾನ್ಯವಾಗಿ ಹಾಲೂಡಿಸಬಹುದು ಎನ್ನುತ್ತಾರೆ. ಸರ್ಟ್ರಾಲಿನ್ ಅದಕ್ಕಿಂತಲೂ ಎಷ್ಟೋ ಕಡಿಮೆ. ಕೂಸಿನ ರಕ್ತ ಪರೀಕ್ಷಿಸಿದರೆ ಹಲವು ಸಲ ಸಿಕ್ಕುವುದೇ ಇಲ್ಲ. ಪರಾಕ್ಸೆಟಿನ್ ಕೂಡ ಹಾಗೆ. ಫ್ಲೂಆಕ್ಸೆಟಿನ್ ಮೈಯಲ್ಲಿ ಬಹುದಿನ ನಿಲ್ಲುತ್ತದೆ, ಆದ್ದರಿಂದ ಹೊಸದಾಗಿ ಶುರುಮಾಡುವವರಿಗೆ ಅದನ್ನು ಮೊದಲು ಕೊಡುವುದಿಲ್ಲ. ಡಾಕ್ಸೆಪಿನ್ ಬೇಡ. ದಿನ ತುಂಬದೆ ಹುಟ್ಟಿದ ಅಥವಾ ಕಾಯಿಲೆಯ ಕೂಸಾದರೆ ಮೊದಲೇ ಹೇಳಬೇಕು. ಕೂಸು ವಿಪರೀತ ಮಂಪರಿನಲ್ಲಿದ್ದರೆ, ಹಾಲು ಹಿಡಿಯದಿದ್ದರೆ ತೋರಿಸಬೇಕು. ಗುಣ ಕಾಣಲು ವಾರಗಳು ಬೇಕು. ನಡುವೆ ತಟ್ಟನೆ ನಿಲ್ಲಿಸಬಾರದು.

ಸಂಗಾತಿಯೊಬ್ಬ "ಇದು ವ್ಯವಸ್ಥೆಯ ರೋಗ ಕಣಯ್ಯ, ಮಾತ್ರೆ ಯಾಕೆ?" ಅಂದ. ವ್ಯವಸ್ಥೆಯ ರೋಗವೂ ಹೌದು. 2017ರಿಂದ ಕಂಪನಿ ಕೆಲಸದ ಹೆಂಗಸಿಗೆ ಮೊದಲೆರಡು ಹೆರಿಗೆಗೆ 26 ವಾರ ಸಂಬಳದ ರಜೆ. ಕಬ್ಬಿನ ಗದ್ದೆಯ ನಮ್ಮಕ್ಕನಿಗೆ ಯಾವ ರಜೆ? ಆದರೆ ಕ್ಷಯದವನಿಗೆ ಕ್ರಾಂತಿಯಾಗಲಿ ತಡಿ ಅನ್ನುತ್ತೇವೆಯೇ? ಬಾಣಂತಿಗೆ ಮಾತ್ರ ಯಾಕೆ?

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಬರಬೇಕು, ಕೂಸನ್ನು ತೂಗಬೇಕು. ತಾಯಿಯನ್ನೂ ಮಾತಾಡಿಸಿ ಎಂದು ಹಳ್ಳಿಯ ಮೇಷ್ಟ್ರುಗಳು ಆಕೆಗೆ ಹೇಳಬಹುದು. ಸಾಯುವ ಮಾತು ಬಂದರೆ, ಇಲ್ಲದ ದನಿ ಕೇಳುತ್ತಿದ್ದರೆ (ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದು) ಅವತ್ತೇ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಾರ್ಡಿದೆ. 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನು ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.