ಅರಳೆಪೇಟೆಯಿಂದ ಬೊಮ್ಮನಹಳ್ಳಿಗೆ

ಬೆಂಗಳೂರು ವ್ಯಾಪಾರದ ಊರಾದದ್ದು ಕಂಪ್ಯೂಟರುಗಳು ಬಂದ ಮೇಲೆ ಎಂದೇ ಇಂದಿನ ಅನೇಕ ಮಕ್ಕಳು ತಿಳಿದಿದ್ದಾರೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನ ಹಳೆಯ ಪೇಟೆಗಳ ಹೆಸರುಗಳನ್ನು ಕೇಳಿದರೆ ಆ ಭ್ರಮೆ ತಾನಾಗಿಯೇ ಕಳೆಯುತ್ತದೆ: ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ. ಅಲ್ಲಿ ಸರಕಿನ ಹೆಸರೇ ಬೀದಿಯ ಹೆಸರು.

ಆ ಅರಳೆಯ ವ್ಯಾಪಾರದ ಮುಂದುವರಿಕೆಯನ್ನು ನಾನು ಕಂಡದ್ದು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ. ನಗರಸಭೆಯಾಗಿದ್ದ ಈ ಊರು 2007ರಲ್ಲಿ ಬೃಹತ್ ಬೆಂಗಳೂರಿನೊಳಗೆ ಸೇರಿತು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗಾಗಿ 2010ರಲ್ಲಿ ಮೇಲ್ಸೇತುವೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂದಿತು. ಹೀಗೆ ಮೇಲಿನಿಂದಲೇ ಸಾಗಿಹೋಗುವವರ ಕಣ್ಣಿಗೆ ಕೆಳಗಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಬೀಳುವುದು ಅಪರೂಪ. ಅಮೆರಿಕ, ಯುರೋಪುಗಳ ಅಂಗಡಿಗಳಿಗೆ ಹೋಗುವ ಅಂಗಿಗಳು ಸಿದ್ಧವಾಗುವುದು ಅಲ್ಲಿ.

ನಾನು ಪಾಠ ಹೇಳುತ್ತಿದ್ದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಾಯಿಯ ಉದ್ಯೋಗದ ಎದುರು 'ಗಾರ್ಮೆಂಟ್ಸ್' ಎಂಬ ಒಂದೇ ಪದವನ್ನು ಎಷ್ಟು ಬಾರಿ ಬರೆದಿರುವೆನೋ ಲೆಕ್ಕವಿಲ್ಲ. ಆ ತಾಯಂದಿರು ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವಾಗ ಕೈಗೆ ಬರುತ್ತಿದ್ದ ಭವಿಷ್ಯನಿಧಿಯ ಹಣವೇ ಮಕ್ಕಳ ಶುಲ್ಕಕ್ಕೆ, ಮದುವೆಗೆ, ಸಾಲದ ಬಡ್ಡಿಗೆ ಆಧಾರ.

2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆ ನಿಧಿಯ ನಿಯಮವನ್ನು ಬದಲಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಾಯಿತು. ಏಪ್ರಿಲ್ 18ರ ಸೋಮವಾರ ಬೊಮ್ಮನಹಳ್ಳಿಯ ಹೆಣ್ಣುಮಕ್ಕಳು ಯಾವ ದೊಡ್ಡ ನಾಯಕರಿಗೂ ಕಾಯದೆ ಹೊಸೂರು ರಸ್ತೆಗಿಳಿದರು. ಬಸ್ಸು ನಿಂತುಹೋದುದರಿಂದ ನಾನೂ ಇಳಿದು ನಡೆದೆ. ಗುಂಪಿನಲ್ಲಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಗುರುತು ಹಿಡಿದು ಹೇಳಿದರು: "ಐವತ್ತೆಂಟಕ್ಕೆ ನನ್ನ ಕಣ್ಣಿಗೆ ಸೂಜಿ ಕಾಣ್ಸುತ್ತಾ ಮೇಷ್ಟ್ರೇ? ಮಗಳ ಕಾಲೇಜಿಗೆ ದುಡ್ಡು ಬೇಕಾಗಿರೋದು ಈ ಜೂನ್‌ಗೆ."

ಅರ್ಥಶಾಸ್ತ್ರದ ಯಾವ ಪುಸ್ತಕದಲ್ಲಿಯೂ ಅಷ್ಟು ಸ್ಪಷ್ಟವಾದ ವಾಕ್ಯವನ್ನು ನಾನು ಓದಿರಲಿಲ್ಲ. ವೃದ್ಧಾಪ್ಯಕ್ಕೆ ಹಣ ಉಳಿಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಆ ವಯಸ್ಸಿನವರೆಗೆ ಹೊಲಿಗೆಯಂತ್ರದ ಮುಂದೆ ಉಳಿಯುವವರು ಎಷ್ಟು ಮಂದಿ ಎಂದು ನಿಯಮ ಬರೆದವರು ಕೇಳಿರಲಿಲ್ಲ.

ಮರುದಿನ ಪ್ರತಿಭಟನೆ ಪೀಣ್ಯದ ಕಡೆಗೂ ಹಬ್ಬಿತು. ಕಲ್ಲುತೂರಾಟ, ಬೆಂಕಿ, ಲಾಠಿಪ್ರಹಾರ ಎಲ್ಲವೂ ನಡೆದವು. ಅವುಗಳಿಂದ ನನಗೆ ನೋವೇ ಆಯಿತು. ಆದರೆ ಅಂದೇ ಸರ್ಕಾರ ಹೊಸ ನಿಯಮವನ್ನು ಹಿಂತೆಗೆದುಕೊಂಡಿತು. ಬೆಂಗಳೂರಿನ ಹೆಣ್ಣುಮಕ್ಕಳು ಎರಡು ದಿನಗಳಲ್ಲಿ ಗಳಿಸಿದ್ದು ದೇಶದ ಕೋಟ್ಯಂತರ ಕಾರ್ಮಿಕರಿಗೆ ದೊರೆಯಿತು.

ಓದುಗ ಮಿತ್ರರೇ, ಮೆಟ್ರೊದಲ್ಲಿ ಆ ಕಡೆ ಹೋಗುವವರು ಒಂದು ಸಂಜೆ, ಕಾರ್ಖಾನೆ ಬಿಡುವ ಹೊತ್ತಿಗೆ, ಬೊಮ್ಮನಹಳ್ಳಿಯಲ್ಲಿ ಇಳಿದು ಸ್ವಲ್ಪ ದೂರ ನಡೆಯಿರಿ. ಊಟದ ಡಬ್ಬಿಯ ಚೀಲ ಹಿಡಿದು ಬಿರಬಿರನೆ ಮನೆಗೆ ಸಾಗುವವರನ್ನು ನೋಡಿದರೆ, ಈ ನಗರದ ವ್ಯಾಪಾರ ಯಾರ ಕೈಮೇಲೆ ನಿಂತಿದೆ ಎಂಬುದು ತಿಳಿಯುತ್ತದೆ.