ಜ್ವರ ಬಿಟ್ಟ ಮೇಲಿನ ಹನ್ನೊಂದು ದಿನ

ಮಂಗಳೂರು ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾ ಪತ್ತೆಹಚ್ಚುವುದು ದೊಡ್ಡ ಕೆಲಸವೇನಲ್ಲ. ಬೆರಳ ತುದಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಗೆ ಒಂದು ಹನಿ ರಕ್ತ ಸವರಿದರೆ ಉಳಿದದ್ದನ್ನು ಸೂಕ್ಷ್ಮದರ್ಶಕ ಹೇಳುತ್ತದೆ. ಕಷ್ಟ ಶುರುವಾಗುವುದು ಜ್ವರ ಬಿಟ್ಟ ಮೇಲೆ.

ಅಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾಕ್ಕೆ 3 ದಿನ ಕ್ಲೋರೋಕ್ವಿನ್, ಜೊತೆಗೆ 14 ದಿನ ಪ್ರೈಮಾಕ್ವಿನ್. ಮೂರು ದಿನ ಕಳೆಯುವಷ್ಟರಲ್ಲಿ ಚಳಿ ಹೋಗಿ ಹಸಿವೂ ಹುಟ್ಟುತ್ತದೆ. ಪರೀಕ್ಷೆ ಹತ್ತಿರವಿರುವ ಹುಡುಗ ಪುಸ್ತಕ ಹಿಡಿಯುತ್ತಾನೆ. "ಗುಳಿಗೆ ಹೀಟು, ಇನ್ನು ಸಾಕು" ಎಂದು ತಾಯಿ ಪೊಟ್ಟಣವನ್ನು ಕಪಾಟಿಗೆ ಸೇರಿಸುತ್ತಾಳೆ. ಆದರೆ ರೋಗಾಣುಗಳ ಒಂದು ಪಾಲು ಯಕೃತ್ತಿನಲ್ಲಿ ನಿದ್ದೆ ಹೊಡೆಯುತ್ತಿರುತ್ತದೆ. ಕ್ಲೋರೋಕ್ವಿನ್ ಅದನ್ನು ಮುಟ್ಟದು. ವಾರಗಳೋ ತಿಂಗಳುಗಳೋ ಕಳೆದು ಅದು ಎದ್ದಿತೆಂದರೆ, ಹೊಸದಾಗಿ ಸೊಳ್ಳೆ ಕಚ್ಚದೆಯೂ ಜ್ವರ ಮರಳುತ್ತದೆ. ಆಗ ಬೈಗುಳವೆಲ್ಲ ಸರಕಾರಿ ಗುಳಿಗೆಗೆ!

ಆದ್ದರಿಂದಲೇ ಆರೋಗ್ಯ ಸಹಾಯಕಿ ಮನೆಗೆ ಬರುತ್ತಾಳೆ. "ಇವತ್ತಿನ ಗುಳಿಗೆ ತಿಂದೆಯಾ ಮಗಾ? ಊಟ ಆಗಿತ್ತಾ?" ಬರಿಹೊಟ್ಟೆಯಲ್ಲಿ ಪ್ರೈಮಾಕ್ವಿನ್ ನುಂಗಿದರೆ ಹೊಟ್ಟೆ ತೊಳಸುತ್ತದೆ. ಮೂತ್ರದ ಬಣ್ಣವನ್ನೂ ವಿಚಾರಿಸುತ್ತಾಳೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದವರಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಮೂತ್ರ ಕಪ್ಪಾದರೆ ಗುಳಿಗೆ ನಿಲ್ಲಿಸಿ ಒಡನೆ ವೈದ್ಯರಲ್ಲಿಗೆ ಓಡಬೇಕು. ಗರ್ಭಿಣಿಯರಿಗೂ ಹಸುಳೆಗಳಿಗೂ ಇದನ್ನು ಕೊಡುವಂತಿಲ್ಲ.

ಫಾಲ್ಸಿಪಾರಂ ಆದರೆ ಔಷಧವೇ ಬೇರೆ. ಮಂಪರು, ಫಿಟ್ಸ್ ಕಂಡರಂತೂ ದೊಡ್ಡಾಸ್ಪತ್ರೆಗೆ ಸಾಗಿಸಲೇಬೇಕು.

ಹದಿನಾಲ್ಕು ದಿನ ತುಂಬಿದಾಗ ಸಹಾಯಕಿ ಖಾಲಿ ಪೊಟ್ಟಣ ಕೇಳುತ್ತಾಳೆ. ಕೆಲವು ಮನೆಗಳಲ್ಲಿ ಅದು ಎಷ್ಟು ಹುಡುಕಿದರೂ ಸಿಗುವುದಿಲ್ಲ.