ಮುತ್ಯಾನ ಪೇಟಿ ಬಿಚ್ಚಿದ ದಿನ

ಶ್ರಾವಣ ಸೋಮವಾರಕ್ಕೆ ರಜೆ ಹಾಕಿ ವಾಡಿಗೆ ಹೋಗಿದ್ದೆ. ಮುತ್ಯಾ ಹೋದ ಮೇಲೆ ಅವನ ಪೇಟಿಯನ್ನು ಯಾರೂ ಮುಟ್ಟಿರಲಿಲ್ಲ. (ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ.) ರಾತ್ರಿ ಭಜನೆಗೆ ಅದನ್ನೇ ಒಯ್ಯಬೇಕು ಅಂತ ಅಪ್ಪನ ಆಸೆ. ತಿದಿ ಒತ್ತಿ ನೋಡಿದರೆ ನಡುವಿನ ಸಪ್ತಕದ ಬಿಳಿ ಐದು ಮಾತೇ ಆಡಲಿಲ್ಲ, ಬರೀ ಬುಸ್ ಅಂತು.

ನಾಲ್ಕು ಸ್ಕ್ರೂ ಬಿಚ್ಚಿದರೆ ಮುಗೀತು ಅಂದುಕೊಂಡೆ. ಸಾಫ್ಟ್‌ವೇರ್‌ನವನ ಧೈರ್ಯ ಅದು. ಮುಚ್ಚಳ ತೆಗೆದು, ಕೀಗಳ ಹಿಂದೆ ಹಾಯ್ದಿದ್ದ ಉದ್ದ ತಂತಿ ಎಳೆದೇಬಿಟ್ಟೆ. ಒಟ್ಟು 37 ಕೀ, 22 ಬಿಳಿ, 15 ಕರಿ, ಎಲ್ಲಾ ಶಹಾಬಾದ್ ಕಲ್ಲಿನ ನೆಲದ ಮೇಲೆ ಚೆಲ್ಲಾಪಿಲ್ಲಿ. ಒಂದು ಫೋಟೊ ಕೂಡ ತೆಗೆದುಕೊಂಡಿರಲಿಲ್ಲ. ಆಫೀಸಿನಲ್ಲಿ ಬ್ಯಾಕಪ್ ಇಲ್ಲದೆ ಏನನ್ನೂ ಮುಟ್ಟಬೇಡ ಅಂತ ಜೂನಿಯರ್‌ಗಳಿಗೆ ಹೇಳೋನು ನಾನೇ. ಅಪ್ಪ ಏನೂ ಅನ್ನಲಿಲ್ಲ, ಎದ್ದು ಹೊರಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಚಿತ್ತಾಪುರದಿಂದ ಭಜನಾ ಮಂಡಳಿಯ ಕಾಕಾ ಬಂದರು. ‘ತಮ್ಮಾ, ಕೀ ಯಾಕ್ ಬಿಚ್ಚಿದಿ? ದನಿ ಇರೋದು ಅದರ ಕೆಳಗ’ ಅಂದು, ಹಲಗೆಯನ್ನೇ ಎತ್ತಿ ಮಗುಚಿದರು. ಅಡಿಯಲ್ಲಿ ಸಾಲಾಗಿ ಹಿತ್ತಾಳೆ ರೀಡ್‌ಗಳು. ಪ್ರತಿಯೊಂದಕ್ಕೂ ಪುಟ್ಟ ಚೌಕಟ್ಟು, ಒಂದು ತುದಿಗೆ ರಿವೆಟ್ ಹೊಡೆದ ತೆಳು ನಾಲಗೆ. ಗಾಳಿ ಬಂದಾಗ ಆ ನಾಲಗೆ ನಡುಗಿದರೇ ಸ್ವರ. ಅಂಚಿನ ಸಂದಿಯಲ್ಲಿ ಒಂದು ಕಣ ಧೂಳು ಸಿಕ್ಕರೂ ದನಿ ಕಟ್ಟಿಹೋಗುತ್ತದೆ. ಸಿಮೆಂಟ್ ಊರಿನಲ್ಲಿ ಧೂಳಿಗೇನು ಬರ! ನಾನು ಬ್ಲೇಡ್ ಕೊಡಲು ಹೋದರೆ ಕಾಕಾ ಕೈ ತಡೆದರು. ನಾಲಗೆಯ ತುದಿ ಸವೆದರೆ ಸ್ವರ ಏರುತ್ತದೆ, ಬುಡ ಸವೆದರೆ ಇಳಿಯುತ್ತದೆ. ಅವರು ತೆಳು ಕಾಗದವೊಂದನ್ನು ತೂರಿಸಿ ಮೆಲ್ಲಗೆ ಎಳೆದರು, ಅಷ್ಟೇ.

ಈ ವಾದ್ಯಕ್ಕೆ 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಸಿಕ್ಕಿತ್ತಂತೆ. ನಮ್ಮ ಆಕಾಶವಾಣಿ 1940ರಿಂದ 1971ರವರೆಗೆ ಇದನ್ನು ಹೊರಗಿಟ್ಟಿತ್ತು. ತತ್ವಪದ ಹಾಡೋರಿಗೆ ಮಾತ್ರ ಆ ಚಿಂತೆ ಇರಲಿಲ್ಲ.

ಕೀಗಳದ್ದೇ ಕಷ್ಟ. ಕೈಯಲ್ಲಿ ಮಾಡಿದ ಪೇಟಿ, ನೋಡಲು ಒಂದೇ ಥರ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಕೂರಲ್ಲ, ಪಕ್ಕದ್ದಕ್ಕೆ ಉಜ್ಜುತ್ತದೆ. ಕಾಕಾ ಒಂದನ್ನು ತಿರುಗಿಸಿ ಬೆಳಕಿಗೆ ಹಿಡಿದರು. ಒಳಮೈಯಲ್ಲಿ ಪೆನ್ಸಿಲ್‌ನಿಂದ ‘೧೯’. ಮುತ್ಯಾನ ಕೈಬರಹ. ಅವನೂ ಎಂದೋ ಬಿಚ್ಚಿದ್ದ, ಆದರೆ ನಂಬರ್ ಹಾಕಿಕೊಂಡು.

ಆರು ಕೀಗಳ ಅಂಕಿ ಅಳಿಸಿಹೋಗಿತ್ತು. ಅವನ್ನು ಕೂರಿಸಿ, ತೆಗೆದು, ಮತ್ತೆ ಕೂರಿಸುವಷ್ಟರಲ್ಲಿ ಎಂಟು ಗಂಟೆ. ಅಪ್ಪ ಯಾವಾಗಲೋ ಬಂದು ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದ.

ರಾತ್ರಿ ಕಾಕಾ ಕರಿ ಎರಡಕ್ಕೆ ಸಾ ಹಿಡಿದರು. ಬಿಳಿ ಐದು ಗಾಂಧಾರವಾಗಿ ತುಂಬಿ ಬಂತು. ಒಂದು ಕರಿ ಕೀ ಮಾತ್ರ ಒತ್ತಿದಾಗಲೆಲ್ಲ ಟಕ್ ಅನ್ನುತ್ತಿತ್ತು. ಪ್ರತಿ ಸಲವೂ ಅಪ್ಪ ತಾಳ ಹಾಕುತ್ತಲೇ ನನ್ನ ಕಡೆ ನೋಡುತ್ತಿದ್ದ.